ಕೊನೆಯ ಸ್ಟಾಪಿನ ಹಾಜರಿ

ಮೊನ್ನೆ ಭಾನುವಾರ ಕಪಾಟು ಹೊಂದಿಸುತ್ತಿದ್ದೆ. ಹೋದ ವರ್ಷದ ದಿನಚರಿಯನ್ನು ಕೈಗೆತ್ತಿಕೊಂಡಾಗ ಪುಟಗಳ ನಡುವಿನಿಂದ ಒಂದು ಚಿಟಿಕೆ ಹತ್ತಿ ಹೊರಗೆ ಬಂತು. ಬಿತ್ತು ಎನ್ನಲಾರೆ; ಫ್ಯಾನಿನ ಗಾಳಿಗೆ ತೇಲಿ, ಒಂದು ಸುತ್ತು ಹೊಡೆದು, ಮಂಚದ ಕೆಳಗೆ ಹೋಗಿ ಕೂತಿತು.

ನನ್ನ ದಿನಚರಿಯಲ್ಲಿ ಎಲ್ಲದಕ್ಕೂ ದಿನ, ವಾರ, ಗಂಟೆ ಇರುತ್ತದೆ. ಹಾಲು ಒಡೆದ ದಿನಗಳಿವೆ, ಚಪ್ಪಲಿಯ ಉಂಗುಟ ಕಿತ್ತ ದಿನಗಳಿವೆ, ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂಬುದೂ ಇದೆ. ಆದರೆ ಈ ಹತ್ತಿ ಯಾವ ದಿನ ಅಲ್ಲಿ ಸೇರಿಕೊಂಡಿತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ನವೆಂಬರ್ ತಿಂಗಳ ಪುಟಗಳಲ್ಲಿ ಅದರ ಜೊತೆ ಬಂದ ಒಣ ಎಲೆಯ ಪುಡಿ ಇತ್ತು, ಅಷ್ಟೆ. ಯಾರ ತಲೆಯಿಂದ ಉದುರಿದ್ದು ಎಂಬುದು ಮಾತ್ರ ನನಗೆ ಗೊತ್ತು. ಸುರಪುರದ ನಮ್ಮ ಸಂಜೆ ಶಾಲೆಗೆ ತಲೆಯಲ್ಲಿ ಹತ್ತಿ ಸಿಕ್ಕಿಸಿಕೊಂಡು ಬರುತ್ತಿದ್ದವಳು ಒಬ್ಬಳೇ: ನಿಂಗಮ್ಮ, ಐದನೆಯ ತರಗತಿ.

ಎಣಿಸುವುದು ನನ್ನ ಹುಟ್ಟು ಚಾಳಿ. ಶಹಾಪುರದಲ್ಲಿ ನಾವಿದ್ದ ಮನೆಯಿಂದ ಶಾಲೆಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತ ಹೋಗುತ್ತಿದ್ದೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿತೆಂದು ಮತ್ತೆ ಮನೆಗೆ ಬಂದು ಹೊಸ್ತಿಲಿನಿಂದ ಶುರು ಮಾಡುತ್ತಿದ್ದೆ. ಈ ಕಾರಣಕ್ಕೆ ತಡವಾಗಿ ಹೋಗಿ ಬೈಸಿಕೊಂಡದ್ದು ಹನ್ನೊಂದು ಸಲ. ಅಪ್ಪ ಸೀನಿದರೆ ಎಣಿಸುತ್ತಿದ್ದೆ, ಮಾವ ಊಟದ ನಡುವೆ ಎಷ್ಟು ಸಲ ನೀರು ಕುಡಿದ ಎಂದು ಎಣಿಸುತ್ತಿದ್ದೆ. ಬಂದವರು ಕೈ ತೊಳೆದು ಏಳುವಾಗ ಅದನ್ನು ಅವರಿಗೇ ಹೇಳುತ್ತಿದ್ದೆ. "ಇಕಿ ಮನುಷ್ಯಾಳಾಗಿ ಹುಟ್ಟಿಲ್ಲ, ಕರೆಂಟಿನ ಮೀಟರ್ ಆಗಿ ಹುಟ್ಯಾಳ" ಎಂದು ಅವ್ವ ನೆಂಟರ ಮುಂದೆ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದು ತಿಳಿದಿದ್ದೆ.

ಆಗ ನಮ್ಮ ಪಕ್ಕದ ಮನೆಯಲ್ಲಿ ಗುರುಬಾಯಿ ಎಂಬುವರಿದ್ದರು. ಸಂಜೆ ಅವರು ಜೋಳದ ರೊಟ್ಟಿ ಬಡಿಯಲು ಕೂತರೆ ನಾನು ಪಾಠದ ಪುಸ್ತಕ ಹಿಡಿದು ಎದುರಿಗೆ ಕೂರಬೇಕು, ಗಟ್ಟಿಯಾಗಿ ಓದಬೇಕು. ಹಾಗೆಂದು ಯಾರೂ ವ್ಯವಸ್ಥೆ ಮಾಡಿರಲಿಲ್ಲ. ಅವರಿಗೆ ರೊಟ್ಟಿ ಬಡಿಯುವಾಗ ಕಿವಿಗೆ ಏನಾದರೂ ಬೇಕಿತ್ತು, ನನಗೆ ತವೆಯ ಮೇಲಿನ ಮೊದಲ ರೊಟ್ಟಿ ಬೇಕಿತ್ತು. ಬೇಗ ಮುಗಿಯಲೆಂದು ನಾನು ನಡುವೆ ಎರಡು ಸಾಲು ಹಾರಿಸಿದರೆ ರೊಟ್ಟಿಯ ಸಪ್ಪಳ ನಿಲ್ಲುತ್ತಿತ್ತು. "ಏನೋ ನುಂಗಿದಿ ನೋಡು. ಹಿಂದಕ ಹೋಗು." ಪುಸ್ತಕವನ್ನು ಅವರು ನೋಡುತ್ತಲೇ ಇರಲಿಲ್ಲ. ನನ್ನ ದನಿ ಓಡತೊಡಗಿದರೆ ಅವರಿಗೆ ತಿಳಿಯುತ್ತಿತ್ತಂತೆ. ನನಗೆ ಓದು ಹಿಡಿದದ್ದು ಆ ಹೊಗೆಯಲ್ಲಿ. ಆ ಸಂಜೆಗಳು ಎಷ್ಟು ಎಂಬ ಲೆಕ್ಕ ನನ್ನಲ್ಲಿಲ್ಲ. ಇದ್ದಾಗ ಯಾರೂ ಅಂಥವನ್ನು ಎಣಿಸಿಕೊಳ್ಳುವುದಿಲ್ಲ.

ಈಗ ನಾನು ಸುರಪುರದ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಐದಕ್ಕೆ ಕೆಲಸ ಮುಗಿಯುತ್ತದೆ. ಹೋದ ವರ್ಷ ಜೂನ್‌ನಲ್ಲಿ, ನಾನು ಬಾಡಿಗೆಗಿದ್ದ ಓಣಿಯ ಸಮುದಾಯ ಭವನದಿಂದ ದಿನಾ ಸಂಜೆ ದೊಡ್ಡ ಗದ್ದಲ ಕೇಳತೊಡಗಿತು. ಇಣುಕಿ ನೋಡಿದರೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು, ನಡುವೆ ಒಬ್ಬ ಮುದುಕರು. ಖಾಕಿ ಬಣ್ಣದ ಹಳೆಯ ಪ್ಯಾಂಟು, ಬಿಳಿ ಬನಿಯನ್, ಕಿವಿಯ ಮೇಲೆ ಪೆನ್ಸಿಲ್ಲು.

"ಮುಂದ ಸರೀರಿ, ಹಿಂದ ಜಾಗಾ ಅದ! ಏ ಕಿಡಕಿ ಸೀಟು, ನೀ ಹೊರಗ ನೋಡಾಕ ಬಂದೀಯೋ, ಓದಾಕ ಬಂದೀಯೋ?"

ಅವರ ಹೆಸರು ಮಹಾದೇವಪ್ಪ. ಸುರಪುರ, ಶಹಾಪುರ, ಯಾದಗಿರಿ ಎಂದು ಒಂದೇ ದಾರಿಯಲ್ಲಿ ಬಸ್ ಕಂಡಕ್ಟರ್ ಆಗಿ ಆಯುಷ್ಯವನ್ನೆಲ್ಲ ಕಳೆದು ನಿವೃತ್ತರಾದವರು. ಮಕ್ಕಳ ಬಾಯಲ್ಲಿ ಕಂಡಕ್ಟರ್ ಮುತ್ಯಾ, ಅಂದರೆ ಕಂಡಕ್ಟರ್ ಅಜ್ಜ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಒಳಗ ಬರ್ರಿ, ಫುಟ್‌ಬೋರ್ಡಿನ ಮ್ಯಾಲ ನಿಂದರಬಾರದು" ಎಂದರು. ಹೋದೆ. ಅಂದಿನಿಂದ ನಾನೂ ಅಲ್ಲಿ ಪಾಠ ಹೇಳುವ ಅಕ್ಕೋರು ಆದೆ.

ಅವರಿಗೆ ಬಾರದ ಪಾಠಗಳು ಬಹಳ ಇದ್ದವು, ಅದನ್ನು ಮುಚ್ಚಿಡುವುದಂತೂ ಬರುತ್ತಲೇ ಇರಲಿಲ್ಲ. ಮಕ್ಕಳು ಇಂಗ್ಲಿಷ್ ಪುಸ್ತಕ ತಂದರೆ "ಇದು ನನ್ನ ರೂಟ್ ಅಲ್ಲವ್ವ, ಅಕ್ಕೋರ್ನ ಕೇಳು" ಎನ್ನುತ್ತಿದ್ದರು. ಆದರೆ ಭಾಗಾಕಾರದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. "ಇನ್ನೂರು ಮಂದಿ ಅದಾರ. ಒಂದು ಗಾಡ್ಯಾಗ ನಲವತ್ತೆಂಟು ಸೀಟು. ಎಷ್ಟು ಗಾಡಿ ತುಂಬ್ತಾವ?" ಮಕ್ಕಳು ಬೆರಳು ಮಡಚಿ, ಗೋಡೆಗೆ ಗೀರಿ, ಕೊನೆಗೆ ನಾಲ್ಕು ಎನ್ನುತ್ತಿದ್ದರು. "ಉಳದವರು?" "ಎಂಟ್ರಿ." "ಅವರೇನು ಮಾಡ್ತಾರ?" ಇಡೀ ಭವನ ಒಂದೇ ದನಿಯಲ್ಲಿ ಕೂಗುತ್ತಿತ್ತು: "ನಿಂತು ಹೋಗ್ತಾರ!" ನಿಂಗಮ್ಮ ಶಾಲೆಯ ಪರೀಕ್ಷೆಯಲ್ಲಿ ಶೇಷ ಎಂದು ಬರೆಯುವ ಕಡೆ "ಎಂಟು ಮಂದಿ ನಿಂತಾರ" ಎಂದು ಬರೆದು ಬಂದಿದ್ದಳು. ಅದಕ್ಕೆ ಅಂಕ ಸಿಕ್ಕಿತೋ ಇಲ್ಲವೋ ನನ್ನ ದಿನಚರಿಯಲ್ಲಿಲ್ಲ.

ಈ ನಿಂಗಮ್ಮನಿಗೆ ಒಂದು ಹಟವಿತ್ತು. ವಸತಿ ಶಾಲೆ ಸೇರಬೇಕು. ಅಲ್ಲಿ ಆರನೆಯ ತರಗತಿಗೆ ಸೇರಲು ಫೆಬ್ರುವರಿ ಹೊತ್ತಿಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಹೆಸರು ಪಟ್ಟಿಯಲ್ಲಿ ಬರಬೇಕು. ಅವಳ ಓಣಿಯ ಒಬ್ಬ ಹುಡುಗಿ ಹಾಗೆ ಸೇರಿದ್ದಳು. ಅವಳು ರಜೆಗೆ ಬಂದಾಗ ಕಾಲಿಗೆ ಬಿಳಿ ಸಾಕ್ಸು ಇತ್ತು, ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಅವಳನ್ನು ಯಾರೂ ಹೊಲಕ್ಕೆ ಕರೆಯಲಿಲ್ಲ. ನಿಂಗಮ್ಮ ನೋಡಿದ್ದು ಇವೆರಡನ್ನೂ. ಅವಳಿಗೆ ಇದ್ದದ್ದು ಇದೊಂದೇ ವರ್ಷ. ಐದನೆಯ ತರಗತಿ ದಾಟಿದರೆ ಆ ಬಾಗಿಲು ಮುಚ್ಚುತ್ತದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಬಹಳ ಹೊತ್ತಿನಿಂದ ಅದನ್ನು ದೂಡುತ್ತಿದ್ದೇನೆಂದು ನಿಮಗೂ ಗೊತ್ತಾಗಿರಬೇಕು.

ನಾನು ಸೇರಿದ ಮೇಲೆ ಮೊದಲು ಮಾಡಿದ ಕೆಲಸ ಹಾಜರಿ ಪುಸ್ತಕ ತೆರೆದದ್ದು. ಎರಡನೆಯದು ಗೋಡೆಗೆ ಚಾರ್ಟು ಹಚ್ಚಿದ್ದು. ಪ್ರತಿ ಮಗುವಿಗೆ ಒಂದು ಸಾಲು, ಬಂದ ದಿನಕ್ಕೆ ಒಂದು ಕೆಂಪು ನಕ್ಷತ್ರ. ಹಾಜರಿ ತೆಗೆಯುವುದು ಐದೂಕಾಲಿಗೆ, ಮುಗಿಸುವುದು ಐದು ಇಪ್ಪತ್ತಕ್ಕೆ. ನಂತರ ಬಂದವರು ಕೂತು ಓದಬಹುದು, ನಕ್ಷತ್ರವಿಲ್ಲ. ಆರೂವರೆಗೆ ಸರಿಯಾಗಿ ನಾನು ಬ್ಯಾಗು ಎತ್ತಿಕೊಳ್ಳುತ್ತಿದ್ದೆ. ಮನೆಗೆ ಹೋಗಿ "6.30, ಮುಕ್ತಾಯ" ಎಂದು ಬರೆಯುತ್ತಿದ್ದೆ. ಅದರ ಪಕ್ಕದಲ್ಲಿ ಅಂದು ನಾನು "ಸುಮ್ನ ಕೂಡ್ರಿ" ಎಂದದ್ದು ಎಷ್ಟು ಸಲ ಎಂಬುದೂ ಇರುತ್ತಿತ್ತು. ಅತಿ ಹೆಚ್ಚು ಮೂವತ್ತೊಂದು. ಅಂದು ಮುತ್ಯಾ ಊರಲ್ಲಿರಲಿಲ್ಲ.

ಚಾರ್ಟನ್ನು ನೋಡಿ ಮುತ್ಯಾ ತಲೆ ಕೆರೆದುಕೊಂಡು, "ಚಂದ ಅದ. ಆದ್ರ ಗಾಡಿ ಬಿಡೂಕಿಂತ ಮೊದಲೇ ಎಣಿಸಿ ಮುಗಿಸ್ತೀಯಲ್ಲ ತಂಗಿ?" ಎಂದಿದ್ದರು. ನಾನು ಶಿಸ್ತಿನ ಬಗ್ಗೆ ಏನೋ ದೊಡ್ಡದಾಗಿ ಹೇಳಿದೆ. ಅವರು ಕಿವಿಯ ಮೇಲಿನ ಪೆನ್ಸಿಲ್ಲನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

ಅಕ್ಟೋಬರ್ ನಡುವಿಗೆ ಹತ್ತಿ ಒಡೆಯಿತು. ನಿಂಗಮ್ಮನ ಅವ್ವ ಹಣಮವ್ವ ಮಗಳನ್ನು ಕರೆದುಕೊಂಡು ಬೆಳಿಗ್ಗೆಯೇ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಆಟೋ ಹತ್ತುತ್ತಿದ್ದಳು. ನಿಂಗಮ್ಮ ಹಗಲು ಶಾಲೆಗೆ ತಪ್ಪಿಸಿಕೊಳ್ಳುತ್ತಿದ್ದಳು. ಸಂಜೆ ಆರು ದಾಟಿದ ಮೇಲೆ ಟಂಟಂ ಸರ್ಕಲ್ಲಿನಲ್ಲಿ ನಿಂತರೆ, ಮನೆಗೂ ಹೋಗದೆ ನೇರ ಭವನಕ್ಕೆ ಓಡಿ ಬರುತ್ತಿದ್ದಳು. ಬಂದಾಗ ನಾನು ಬ್ಯಾಗಿನ ಜಿಪ್ಪು ಎಳೆಯುತ್ತಿರುತ್ತಿದ್ದೆ. "ತಡ ಆಯ್ತಲ್ಲ ನಿಂಗಮ್ಮ" ಎನ್ನುತ್ತಿದ್ದೆ. ಅವಳು "ಹೌದ್ರಿ ಅಕ್ಕೋರ" ಎನ್ನುತ್ತಿದ್ದಳು. ಅವಳು ಬಂದದ್ದನ್ನು ನಾನು ಕಂಡಿಲ್ಲವೆಂದಲ್ಲ. ಕಂಡಿದ್ದೆ. ಕಾಲಂ ಮುಗಿದಿತ್ತು.

ನವೆಂಬರ್‌ನಲ್ಲಿ ಮಕ್ಕಳ ದಿನಾಚರಣೆಯ ಸಂಜೆ. ಸಾಲು ತುಂಬಿದವರಿಗೆ ಕಂಪಾಸ್ ಪೆಟ್ಟಿಗೆ ಕೊಡುವುದಾಗಿ ಹೇಳಿದ್ದೆ. ಅಂದು ಹೊಲದ ಕೆಲಸವಿರಲಿಲ್ಲ, ನಿಂಗಮ್ಮ ತಲೆ ಬಾಚಿಕೊಂಡು ಐದಕ್ಕೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬಹುಮಾನ ಪಡೆದವರ ಹೆಸರಷ್ಟೇ ಓದಿದ್ದರೆ ಆಗುತ್ತಿತ್ತು. ಲೆಕ್ಕ ಪೂರ್ತಿ ಇರಬೇಕೆಂಬ ನನ್ನ ಚಾಳಿ ಕೇಳಬೇಕಲ್ಲ! ತಿಂಗಳ ಹಾಜರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಶಬಾನಾ, ಇಪ್ಪತ್ತೆರಡು. ಕೆಳಗೆ ಕೆಳಗೆ ಬಂದು, ಕೊನೆಯಲ್ಲಿ: ನಿಂಗಮ್ಮ, ನಾಲ್ಕು.

ಶಬಾನಾ ಬಾಯಿ ಮುಚ್ಚಿಕೊಂಡು ನಕ್ಕಳು. ಹಿಂದಿನಿಂದ ಯಾರೋ "ಹತ್ತಿ ನಿಂಗಿ, ನಾಕೇ ನಾಕು" ಎಂದು ಹಾಡು ಕಟ್ಟಿದರು. ನಾನು "ಸುಮ್ನ ಕೂಡ್ರಿ" ಎಂದೆ. ಮುತ್ಯಾ ನನ್ನನ್ನೇ ನೋಡುತ್ತಿದ್ದರು. ನಿಂಗಮ್ಮ ಅಳಲಿಲ್ಲ. ಸಮಾರಂಭ ಮುಗಿಯುವವರೆಗೂ ಕೂತಿದ್ದು, ಹಂಚಿದ ಪೇಡೆಯನ್ನು ತಿನ್ನದೆ ಕೈಯಲ್ಲಿ ಹಿಡಿದುಕೊಂಡು ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ. ನಾನು ಗೈರು ಹಾಕುತ್ತ ಹೋದೆ. ಏನೂ ವ್ಯತ್ಯಾಸ ಕಾಣಲಿಲ್ಲ, ಯಾಕೆಂದರೆ ನನ್ನ ಪುಸ್ತಕದಲ್ಲಿ ಅವಳು ಮೊದಲೂ ಗೈರೇ ಆಗಿದ್ದಳು.

ಎಂಟನೆಯ ದಿನ ನನ್ನ ಊಟದ ಡಬ್ಬಿ ಭವನದಲ್ಲೇ ಮರೆತು, ಮನೆಗೆ ಹೋದ ಮೇಲೆ ನೆನಪಾಗಿ ಹಿಂದಿರುಗಿದೆ. ಏಳಕ್ಕೆ ಹತ್ತು ನಿಮಿಷವಿತ್ತು. ಮಕ್ಕಳೆಲ್ಲ ಹೋಗಿಯಾಗಿತ್ತು, ದೀಪ ಉರಿಯುತ್ತಿತ್ತು. ಮುತ್ಯಾ ಒಬ್ಬರೇ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎದುರಿಗೆ ಪಾಟಿ, ಬಳಪ, ಒಂದು ಚೊಂಬು ನೀರು.

"ಯಾರಿಗಿ ಕಾಯಾಕತ್ತೀರಿ ಮುತ್ಯಾ?"

"ಕೊನಿ ಸ್ಟಾಪಿನಾಕಿಗಿ."

ನನಗೆ ತಿಳಿಯಲಿಲ್ಲ. ಅವರು ಚೊಂಬನ್ನು ತೋರಿಸಿದರು. "ಬಂದಕೂಡಲೇ ನೀರು ಕುಡೀತಾಳ ಆ ಹುಡುಗಿ. ಆಮ್ಯಾಲ ಬಳಪ ಹಿಡೀತಾಳ. ದಿನಾ ಮುಕ್ಕಾಲು ತಾಸು ಕೂಡ್ತಿದ್ದೆವು, ನೀ ಹೋದ ಮ್ಯಾಗ. ಹಳೀ ಪ್ರಶ್ನಿಪತ್ರಿಕಾ ಮೂರು ಮುಗಿಸ್ಯಾಳ. ಎಂಟು ದಿನ ಆತು, ಬಂದಿಲ್ಲ."

"ನೀವು ನನಗ ಒಂದು ಮಾತು ಹೇಳಲಿಲ್ಲ."

"ಹೇಳಿದ್ನಲ್ಲ ತಂಗಿ. ನೀ ಗಾಡಿ ಬಿಡೂ ಮುಂದ ಎಣಿಸ್ತಿದ್ದಿ. ನಾ ಅಷ್ಟು ವರ್ಷ ಇದ ದಾರ್ಯಾಗ ತಿರುಗೀನಿ. ಸ್ಟ್ಯಾಂಡಿನಾಗ ಹತ್ತೋರಿಗಿಂತ ದಾರ್ಯಾಗ ಕೈ ಮಾಡಿ ಹತ್ತೋರೇ ಭಾಳ. ಹೊಲದಾಗಿಂದ ಓಡಿ ಬರ್ತಾರ, ತಲಿಮ್ಯಾಗ ಬುಟ್ಟಿ ಇರ್ತದ. ಅವರೂ ಪ್ಯಾಸೆಂಜರೇ. ಅದಕ ಎಣಿಸಬೇಕಂದ್ರ ಕೊನಿ ಸ್ಟಾಪಿನಾಗ ಎಣಿಸಬೇಕು, ಇಳಿಯೂ ಮುಂದ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ವಾದ ಹೂಡುತ್ತಿದ್ದೆ. ಡಬ್ಬಿ ತೆಗೆದುಕೊಂಡು ಹೊರಬಂದು, ಮೆಟ್ಟಿಲ ಮೇಲೆ ನಿಂತು ಲೆಕ್ಕ ಹಾಕಿದೆ. ಒಂದು ತಿಂಗಳು, ಇಪ್ಪತ್ತೆರಡು ಸಂಜೆ, ಹತ್ತಿ ಬಿಡಿಸಿ ಬಂದ ಹುಡುಗಿ, ಮುಕ್ಕಾಲು ಗಂಟೆ. ಇಡೀ ಭವನದಲ್ಲಿ ಅತಿ ಹೆಚ್ಚು ಓದಿದವಳ ಹೆಸರನ್ನು ನಾನು ಎಲ್ಲರೆದುರು ಕೊನೆಯಲ್ಲಿ ಓದಿದ್ದೆ. ಪರೀಕ್ಷೆಗೆ ಮೂರು ತಿಂಗಳೂ ಉಳಿದಿರಲಿಲ್ಲ.

ಮರುದಿನ ಅವಳ ಮನೆಗೆ ಹೋದೆ. ಹಣಮವ್ವ ಒಲೆಯ ಮುಂದಿದ್ದಳು. ನಿಂಗಮ್ಮ ನನ್ನನ್ನು ಕಂಡು ಹಿತ್ತಿಲಿಗೆ ಹೋದಳು.

"ಕೂಡ್ರಿ ಅಕ್ಕೋರ. ಚಾ ಕುಡೀರಿ. ಖರೆ ಹೇಳ್ತೀನಿ, ನಾ ಏನು ಬ್ಯಾಡ ಅಂದಿಲ್ರಿ. ಅಕಿನೇ ಒಲ್ಲೆ ಅಂತಾಳ. 'ನಾ ಬರೇ ನಾಕು ದಿನ ಹೋಗೀನಂತ ಯವ್ವ, ಇನ್ನ ಯಾಕ ಹೋಗಬೇಕು' ಅಂತಾಳ. ನಾ ದಿನಾ ಟಂಟಂನಿಂದ ಇಳಿಸಿ ಕಳಿಸೀನಿ, ನನಗ ತಿಳ್ಯಂಗಿಲ್ಲೇನ್ರಿ ಎಷ್ಟು ದಿನಾಂತ? ನಂಗ ಎಣಿಸಾಕ ಬರಂಗಿಲ್ಲ. ನಿಮಗ ಬರ್ತದಲ್ರಿ?"

ಲೋಟ ಕೆಳಗಿಟ್ಟೆ. ತಪ್ಪಾಯಿತು ಎಂದೆ. ಹಣಮವ್ವ ಒಲೆಗೆ ಕಟ್ಟಿಗೆ ದೂಡಿ, "ನನಗ ಯಾಕ ಹೇಳ್ತೀರಿ? ಐತವಾರ ಕಕ್ಕೇರಾ ದಾರ್ಯಾಗಿನ ಹೊಲದಾಗ ಇರ್ತೀವಿ. ಅಲ್ಲಿ ಓಡಿ ಹೋಗಾಕ ಹಿತ್ತಲ ಇಲ್ಲ" ಎಂದಳು.

ಭಾನುವಾರ ಅವರ ಜೊತೆ ಟಂಟಂ ಹತ್ತಿದೆ. ಹಿಂದೆ ಹನ್ನೆರಡು ಹೆಂಗಸರು, ಮುಂದೆ ಡ್ರೈವರನ ಪಕ್ಕ ಮೂವರು. ನನ್ನ ತೊಡೆಯ ಮೇಲೆ ಯಾರದೋ ಬುತ್ತಿ. ಹೊಲಕ್ಕಿಳಿದಾಗ ಇಬ್ಬನಿ ಇನ್ನೂ ಆರಿರಲಿಲ್ಲ. ಹೆಂಗಸರು ಸೊಂಟಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿಕೊಂಡು ತಲಾ ಒಂದು ಸಾಲು ಹಿಡಿದರು. ನಾನು ನಿಂಗಮ್ಮನ ಪಕ್ಕದ ಸಾಲಿಗೆ ಇಳಿದೆ. ಹತ್ತಿ ಬಿಡಿಸುವುದು ಅಂಥ ಕಷ್ಟವಲ್ಲ ಎಂದು ದೂರದಿಂದ ಅನಿಸುತ್ತದೆ. ಆದರೆ ಒಡೆದ ಕಾಯಿಯ ಒಣಗಿದ ತೊಳೆಯ ತುದಿಗಳು ಸೂಜಿಯಂತಿರುತ್ತವೆ. ಮೂರನೆಯ ಕಾಯಿಗೇ ನನ್ನ ಬೆರಳಲ್ಲಿ ರಕ್ತ ಬಂತು.

"ಹಂಗ ಜಗ್ಗಬ್ಯಾಡ್ರಿ ಅಕ್ಕೋರ." ಆ ಸಮಾರಂಭದ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು. "ಐದೂ ಬೆರಳು ಕೂಡಿಸಿ ಒಳಗ ಬಿಡ್ರಿ. ಹೂಂ. ಈಗ ಮ್ಯಾಕ ಎತ್ರಿ."

ಎತ್ತಿದೆ. ಹತ್ತಿಯ ಜೊತೆ ಒಣ ಎಲೆ, ತೊಳೆಯ ಚೂರು, ಎಲ್ಲ ಬಂತು.

"ಕಸಾ ಬ್ಯಾಡ್ರಿ, ಬರೇ ಹತ್ತಿ."

ಪಕ್ಕದ ಸಾಲಿನ ಮುದುಕಿ ನಕ್ಕಳು. "ಹಣಮಿ, ನಿನ್ನ ಅಕ್ಕೋರ್ನ ಜ್ವಾಪಾನ ಮಾಡು. ಹಿಂಗ ಬಿಡಿಸಿದ್ರ ಮುಂದಿನ ಹತ್ತಿ ಹೂವ ಬಿಟ್ಟಾಗ ಈ ಸಾಲು ಮುಗೀತದ!"

ನಿಂಗಮ್ಮ ತನ್ನ ಸಾಲು ಮುಗಿಸಿ ತಿರುಗಿ ಬಂದು, ಸೊಂಟದ ಮೇಲೆ ಕೈಯಿಟ್ಟು ನನ್ನ ಗಿಡಗಳನ್ನು ಎಣಿಸಿದಳು. ಗಟ್ಟಿಯಾಗಿಯೇ ಎಣಿಸಿದಳು, ಎಲ್ಲರಿಗೂ ಕೇಳುವಂತೆ. "ಅಕ್ಕೋರು, ಒಂಬತ್ತು."

ಹೆಂಗಸರೆಲ್ಲ ನಕ್ಕರು. ಆ ಹೊತ್ತಿಗೆ ಅವಳು ಬೇಕೆಂದೇ ಹಾಗೆ ಮಾಡಿದಳೋ, ಸುಮ್ಮನೆ ಎಣಿಸಿದಳೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಒಂಬತ್ತು ಎಂಬ ಸಂಖ್ಯೆಯಲ್ಲಿ ನನ್ನ ಬೆರಳಿನ ರಕ್ತ ಇರಲಿಲ್ಲ, ಬೆನ್ನಿನ ನೋವು ಇರಲಿಲ್ಲ, ಇಬ್ಬನಿಯಲ್ಲಿ ನೆಂದ ಕಾಲು ಇರಲಿಲ್ಲ. ಒಂಬತ್ತು ಮಾತ್ರ ಇತ್ತು.

ಬುತ್ತಿ ಬಿಚ್ಚಿದಾಗ ಅವಳ ಪಕ್ಕ ಕೂತೆ. "ನಿಂಗಮ್ಮ, ನಾ ಎಣಿಸಿದ್ದು ತಪ್ಪು. ನೀ ದಿನಾ ಬಂದೀದಿ. ಎಲ್ಲರ ಮುಂದ ತಪ್ಪು ಹೇಳೀನಿ, ಎಲ್ಲರ ಮುಂದ ಸರಿ ಹೇಳ್ತೀನಿ. ಆ ಚಾರ್ಟು ಹರಿದು ಒಗಿತೀನಿ."

ಅವಳು ರೊಟ್ಟಿ ಮುರಿಯುತ್ತ ಯೋಚಿಸಿದಳು. "ಹರೀಬ್ಯಾಡ್ರಿ. ಶಬಾನಾಂದು ಭಾಳ ಚುಕ್ಕಿ ಅವ. ಅಕಿ ಅಳ್ತಾಳ."

"ಮತ್ತ ಏನು ಮಾಡ್ಲಿ?"

"ನನ್ನ ಸಾಲು ಕಾಣದಂಗ ಮ್ಯಾಗ ಒಂದು ಕ್ಯಾಲೆಂಡರ್ ಹಚ್ಚರಿ."

ಬರುತ್ತೀಯಾ ಎಂದು ಕೇಳಿದೆ. ಅವಳು ಖಾರದ ಚಟ್ನಿಯ ಕಡೆ ನೋಡಿದಳು. "ಮುತ್ಯಾ ಕಾಯ್ತಾರೇನ್ರಿ?"

"ದಿನಾ ಕಾಯ್ತಾರ."

"ನೀವು?"

ನನ್ನ ಬಳಿ ಇದ್ದ ಉತ್ತರ ಒಂದೇ: ಆರೂವರೆ.

ಸೋಮವಾರ ನಾನು ಮಕ್ಕಳೆದುರು ನಿಂತು, ಮಕ್ಕಳ ದಿನಾಚರಣೆಯಂದು ನಾನು ಓದಿದ ಲೆಕ್ಕ ತಪ್ಪೆಂದೂ, ನಿಂಗಮ್ಮ ಇಪ್ಪತ್ತೆರಡು ದಿನವೂ ಬಂದಿದ್ದಳೆಂದೂ ಹೇಳಿದೆ. ಶಬಾನಾ ಕೈ ಎತ್ತಿ, "ಅಕ್ಕೋರ, ನಿಮಗೂ ತಪ್ತದೇನ್ರಿ?" ಎಂದಳು. ತಪ್ಪುತ್ತದೆ ಎಂದೆ. ಅವಳ ಮುಖದಲ್ಲಿ ಕಂಡ ಸಂತೋಷವನ್ನು ನಾನು ಕೊಟ್ಟ ಕಂಪಾಸ್ ಪೆಟ್ಟಿಗೆಯೂ ತಂದಿರಲಿಲ್ಲ. ನಿಂಗಮ್ಮನ ಸಾಲಿನ ಮೇಲೆ ಕ್ಯಾಲೆಂಡರ್ ಹಚ್ಚಿದೆ, ಆ ದಿನದಿಂದ ಹಾಜರಿ ಕೊನೆಯಲ್ಲಿ ತೆಗೆಯಲು ಶುರು ಮಾಡಿದೆ. ಅಂದು ನಾನೂ ಮುತ್ಯಾನೂ ಏಳೂಕಾಲಿನವರೆಗೆ ಕೂತೆವು. ನಿಂಗಮ್ಮ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಮುತ್ಯಾ ನೀರಿನ ಚೊಂಬನ್ನು ತುಂಬಿಸುವುದು, ಹೋಗುವಾಗ ಬೇವಿನ ಗಿಡಕ್ಕೆ ಸುರಿಯುವುದು ನಡೆದೇ ಇತ್ತು.

"ಬರ್ತಾಳ ಅಂತೀರಾ?"

"ಗೊತ್ತಿಲ್ಲ. ಆದ್ರ ಬಂದಾಗ ಗಾಡಿ ಹೋಗಿರಬಾರದು."

ಬುಧವಾರ ಆರು ಮೂವತ್ತೈದಕ್ಕೆ ಬಂದಳು. ಯಾರನ್ನೂ ನೋಡದೆ ಚೊಂಬೆತ್ತಿ ನೀರು ಕುಡಿದಳು. ಪಾಟಿ ಎಳೆದುಕೊಂಡಳು. ನನ್ನ ಕಡೆ ತಿರುಗಿ, "ಇವತ್ತು ಇಂಗ್ಲಿಷ್ ಮಾಡ್ರಿ, ಅದು ಮುತ್ಯಾನ ರೂಟ್ ಅಲ್ಲ" ಎಂದಳು.

ಆ ಚಳಿಗಾಲ ಹಾಗೇ ಸಾಗಿತು. ನಾನು ಇಂಗ್ಲಿಷು, ಪರಿಸರ, ಮುತ್ಯಾ ಗಣಿತ. ಎಳ್ಳಮಾವಾಸ್ಯೆಯ ದಿನ ಹಣಮವ್ವ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿ ಕಳಿಸಿದಳು, ಮೂವರೂ ಭವನದ ಕಟ್ಟೆಯ ಮೇಲೆ ತಿಂದೆವು. ಕೆಲವು ಸಂಜೆ ಅವಳು ಪಾಟಿಯ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಎಬ್ಬಿಸಲು ಹೋದರೆ ಮುತ್ಯಾ ಕೈ ಅಡ್ಡ ಹಿಡಿಯುತ್ತಿದ್ದರು. "ಹತ್ತು ನಿಮಿಷ ಮಲಗಲಿ. ಸ್ಟಾಪು ಬಂದ್ರ ನಾ ಎಬ್ಬಿಸ್ತೀನಿ." ಅಂಥ ದಿನಗಳಲ್ಲಿ ನಾವಿಬ್ಬರೂ ದೊಡ್ಡವರು ಏನೂ ಕಲಿಸದೆ ಒಂದು ಮಗುವಿನ ಎರಡು ಪಕ್ಕ ಸುಮ್ಮನೆ ಕೂತಿರುತ್ತಿದ್ದೆವು. ಕಲಿಸಿದ ಸಂಜೆಗಳಿಗಿಂತ ಆ ಸಂಜೆಗಳೇ ಹೆಚ್ಚು ಕೆಲಸ ಮಾಡಿದವೇನೋ ಎಂದು ಈಗ ಅನಿಸುತ್ತದೆ. ಹಗಲೆಲ್ಲ ಅವಳಿಂದ ಎಲ್ಲರಿಗೂ ಏನಾದರೂ ಬೇಕಿರುತ್ತಿತ್ತು. ಅವ್ವನಿಗೆ ಕೈ ಬೇಕು, ಶಾಲೆಗೆ ಉತ್ತರ ಬೇಕು, ನನಗಂತೂ ಐದೂಕಾಲಿನ ಹಾಜರಿಯೇ ಬೇಕಿತ್ತು. ಏನೂ ಬೇಡದೆ ಕಾಯುತ್ತಿದ್ದವರು ಮುತ್ಯಾ ಒಬ್ಬರೇ.

ಫೆಬ್ರುವರಿಯಲ್ಲಿ ಪರೀಕ್ಷೆ ಬರೆದಳು. ಬೇಸಿಗೆಯಲ್ಲಿ ಮೊದಲ ಪಟ್ಟಿ ಬಂತು, ಅದರಲ್ಲಿ ಅವಳ ಹೆಸರಿರಲಿಲ್ಲ. ಅಂದಿನ ಪುಟದಲ್ಲಿ ನಾನು ಏನೂ ಬರೆದಿಲ್ಲ. ದಿನಚರಿ ಬರೆಯತೊಡಗಿದ ಹನ್ನೆರಡು ವರ್ಷಗಳಲ್ಲಿ ಖಾಲಿ ಉಳಿದ ಪುಟ ಅದೊಂದೇ. ಎರಡನೆಯ ಪಟ್ಟಿಯಲ್ಲಿ, ಕೆಳಗಿನಿಂದ ಮೂರನೆಯವಳಾಗಿ, ನಿಂಗಮ್ಮ ಇದ್ದಳು. ಯಾದಗಿರಿಯ ಕಡೆಯ ಒಂದು ವಸತಿ ಶಾಲೆ. ನಾನು ಕಚೇರಿಯಿಂದ ಅರ್ಧ ದಿನದ ರಜೆ ಹಾಕಿ ಓಡಿಹೋಗಿ ಹೇಳಿದೆ. ಹಣಮವ್ವ ಸೆರಗಿನಿಂದ ಕಣ್ಣೊತ್ತಿಕೊಂಡು, "ಸಾಕ್ಸು ಎಲ್ಲಿ ಸಿಗ್ತಾವ್ರಿ ಅಕ್ಕೋರ?" ಎಂದಳು. ಮುತ್ಯಾ ಮಾತ್ರ ಪಟ್ಟಿಯನ್ನು ಕೇಳಿಸಿಕೊಂಡು, "ಸೀಟು ಸಿಕ್ತು ಅನ್ನು" ಎಂದು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕನ್ನಡಕ ಒರೆಸಿದರು.

ಜೂನ್‌ನಲ್ಲಿ ಅವಳನ್ನು ಬಿಟ್ಟುಬರಲು ನಾನೂ ಹಣಮವ್ವನೂ ಹೋದೆವು. ಹೊಸ ಟ್ರಂಕು, ಎರಡು ಜಡೆ, ಬಿಳಿ ಸಾಕ್ಸು. ಹಾಸಿಗೆ ತೋರಿಸಿದರು, ಊಟದ ಮನೆ ತೋರಿಸಿದರು, ಎಲ್ಲ ಅಚ್ಚುಕಟ್ಟಾಗಿತ್ತು. ನಾನು ಸಂತೋಷದಿಂದ ಕಿಟಕಿಗಳನ್ನು ಎಣಿಸುತ್ತಿದ್ದೆ. ಹೊರಡುವ ಹೊತ್ತಿಗೆ ನಿಂಗಮ್ಮ ನನ್ನ ಬ್ಯಾಗಿನ ಪಟ್ಟಿ ಹಿಡಿದಳು.

"ಅಕ್ಕೋರ, ಇಲ್ಲಿ ಸಂಜಿಗಿ ಯಾರು ಬರ್ತಾರ್ರಿ?"

"ವಾರ್ಡನ್ ಮೇಡಂ ಇರ್ತಾರ. ಟೀಚರ್ ಇರ್ತಾರ."

"ಅವರು ಇರೋರು ಅಲ್ರಿ. ಬರೋರು ಯಾರು?"

ಮಕ್ಕಳಿಗೆ ಇರುವವರು ಬಹಳ ಮಂದಿ. ಇರುವುದು ಅವರ ಕೆಲಸ, ಹೆಚ್ಚಿನವರು ಅದನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಬರಬೇಕಾದ ಅಗತ್ಯವಿಲ್ಲದೆ ತನಗಾಗಿಯೇ ಬರುವ ಒಬ್ಬ ದೊಡ್ಡವರನ್ನು ಮಗು ಬೇರೆಯಾಗಿಯೇ ಎಣಿಸುತ್ತದೆ. ಆ ಎಣಿಕೆ ನನಗೆ ಬರುತ್ತಿರಲಿಲ್ಲ. ಭೇಟಿಗೆ ಬಿಡುವ ಭಾನುವಾರ ಬರುತ್ತೇನೆ ಎಂದೆ. ಅವಳು ಪಟ್ಟಿ ಬಿಟ್ಟಳು. ನಂಬಿದಳೆಂದು ಹೇಳಲಾರೆ.

ಜುಲೈನಲ್ಲಿ ಭೇಟಿಯ ಮೊದಲ ಭಾನುವಾರ ಬಂತು. ಹಣಮವ್ವನಿಗೆ ಬಿತ್ತನೆಯ ಕೆಲಸವಿತ್ತು, ಮುತ್ಯಾನಿಗೆ ಮಂಡಿನೋವು. ಅವರು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಅದಕ್ಕೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯ ಗಂಟು ಹಿಡಿದು ನಾನೊಬ್ಬಳೇ ಬಸ್ಸು ಹತ್ತಿದೆ. ಶಾಲೆಯ ಅಂಗಳದ ತುಂಬ ಅವ್ವಂದಿರು, ಅಪ್ಪಂದಿರು, ಬಿಚ್ಚಿದ ಬುತ್ತಿಗಳು. ನಿಂಗಮ್ಮ ದೂರದಿಂದಲೇ ನನ್ನನ್ನು ಕಂಡಳು. ಓಡಿ ಬರುತ್ತಾಳೆಂದುಕೊಂಡೆ. ಅವಳು ತಿರುಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಬಂದಳು. ಹಿಂದೆ ಇನ್ನೂ ಮೂವರು ಹುಡುಗಿಯರು, ಕೈಯಲ್ಲಿ ಪುಸ್ತಕ.

"ಇವರು ಯಾರವ್ವ?"

"ಇವರಿಗಿ ಯಾರೂ ಬಂದಿಲ್ರಿ ಅಕ್ಕೋರ. ಅದಕ ಕರ್ಕೊಂಡ್ ಬಂದೆ." ಅವಳು ಒಬ್ಬೊಬ್ಬರನ್ನೇ ಭುಜ ಹಿಡಿದು ಮುಂದೆ ತಂದಳು. "ಇಕಿ ಬಳಿಚಕ್ರ ಊರಿನಾಕಿ. ಭಾಗಾಕಾರ ಬರ್ತದ, ಇಂಗ್ಲಿಷ್ ಓದಾಕ ಬರಂಗಿಲ್ಲ. ಇಕಿಗಿ ಎರಡೂ ಬರಂಗಿಲ್ಲ. ಇಕಿ ಪುಸ್ತಕ ಹಿಡ್ಕೊಂಡಾಳಷ್ಟ, ಏನೂ ಕೇಳಂಗಿಲ್ಲ. ಸುಮ್ನ ಬಂದಾಳ."

"ಮತ್ತ ನಿನಗ? ನಿನಗೇನು ಹೇಳಿಕೊಡ್ಲಿ?"

"ನಂದು ಮುಂದಿನ ಸಲ ಬಂದಾಗ ಮಾಡ್ರಿ. ಇವತ್ತು ಇವರದು ಆಗ್ಲಿ. ಕೂಡ್ರಿ ಅಕ್ಕೋರ, ನಾಕಕ್ಕ ಗೇಟು ಹಾಕ್ತಾರ."

ನೆರಳು ನೋಡಿ ನೆಲದ ಮೇಲೆ ಕೂತೆ. ಸುಮ್ಮನೆ ಬಂದವಳನ್ನು ಮೊದಲು ಹತ್ತಿರ ಕರೆದೆ.